ಓದುಗರು ಕೇಳುತ್ತಾರೆ: ಅರಬ್ ನಾಡಿನ ಸುದ್ದಿಯನ್ನು ಓದುವ ಬಗೆ

ಗಲ್ಫ್ ಸುದ್ದಿ, ಅರಬ್ ಚಾನೆಲ್ಲು, ವಾಟ್ಸ್ಆ್ಯಪ್ ವದಂತಿ ಇವುಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಮುಂಬಯಿ, ಪುಣೆ, ಗೋವೆಯ ಕನ್ನಡ ಮನೆಗಳಲ್ಲಿ ಗಲ್ಫಿಗೆ ಹೋದ ಒಬ್ಬರಾದರೂ ಇರುತ್ತಾರೆ ಅಂತ ಕಾಣುತ್ತದೆ, ಪತ್ರಗಳ ರಾಶಿಯೇ ಬಂತು. ಒಂದೇ ಬಗೆಯವನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮಗ ಶಾರ್ಜಾದಲ್ಲಿದ್ದಾನೆ. 2024ರ ಏಪ್ರಿಲ್‌ನಲ್ಲಿ ದುಬೈ ಮಳೆಗೆ ಮುಳುಗಿದಾಗ, ‘ಅಮ್ಮಾ, ಯಾವ ವಿಡಿಯೊವನ್ನೂ ಫ್ಯಾಮಿಲಿ ಗ್ರೂಪಿಗೆ ಹಾಕಬೇಡ, ನನಗಂತೂ ಕಳಿಸಲೇಬೇಡ’ ಅಂದ. ಮಳೆ ತೋರಿಸಿದರೆ ತಪ್ಪೇನು? ಅಷ್ಟು ಹೆದರಬೇಕೆ?
— ಗೃಹಿಣಿ, ಡೊಂಬಿವಲಿ

ಉತ್ತರ: ಮಗನ ಲೆಕ್ಕ ಸರಿಯಾಗಿದೆ. ವದಂತಿ ಮತ್ತು ಸೈಬರ್ ಅಪರಾಧ ತಡೆಗೆಂದೇ ಯುಎಇಯಲ್ಲಿ 2021ರ 34ನೇ ಕಾನೂನು ಇದೆ. 2022ರ ಜನವರಿ 2ರಿಂದ ಜಾರಿಯಲ್ಲಿದೆ. ಸುಳ್ಳುಸುದ್ದಿಯನ್ನಾಗಲಿ, ಸರಕಾರ ಅಧಿಕೃತವಾಗಿ ಹೇಳಿದ್ದಕ್ಕೆ ವಿರುದ್ಧವಾದುದನ್ನಾಗಲಿ ಇಂಟರ್‌ನೆಟ್ಟಿನಲ್ಲಿ ಹಾಕಿದರೆ, ಹಂಚಿದರೆ, ಅದರ 52ನೇ ಕಲಮಿನಂತೆ ಕನಿಷ್ಠ ಒಂದು ವರ್ಷ ಸೆರೆ ಮತ್ತು ಕನಿಷ್ಠ 1 ಲಕ್ಷ ದಿರ್ಹಮ್ ದಂಡ. ಸಾಂಕ್ರಾಮಿಕ, ವಿಪತ್ತು, ಬಿಕ್ಕಟ್ಟಿನ ಹೊತ್ತಿನಲ್ಲಿ ಮಾಡಿದರೆ ಎರಡು ವರ್ಷ, 2 ಲಕ್ಷ. ಅಪಘಾತ ಅಥವಾ ವಿಪತ್ತಿನಲ್ಲಿ ಸಿಕ್ಕವರ ಫೋಟೊ ತೆಗೆದು ಹಂಚುವುದಕ್ಕೆ 44ನೇ ಕಲಮು ಬೇರೆ ಇದೆ. ‘ನಾನು ಬರೆದದ್ದಲ್ಲ, ಬಂದದ್ದನ್ನು ಮುಂದೆ ಕಳಿಸಿದೆ’ ಎಂಬ ಸಮಜಾಯಿಷಿಯನ್ನು ನೆಚ್ಚಿಕೊಳ್ಳಬೇಡಿ. ಕಾನೂನಿನಲ್ಲಿ ಹುಟ್ಟಿಸಿದವರ ಜೊತೆಗೆ ಹಂಚಿದವರ ಹೆಸರೂ ಇದೆ.

ಆ ಮಳೆಯ ಸುತ್ತ ಹಬ್ಬಿದ ಮಾತನ್ನೇ ನೋಡಿ. ಏಪ್ರಿಲ್ 16ರಂದು ಅಲ್ ಐನ್ ಬಳಿಯ ಖತ್ಮ್ ಅಲ್ ಶಕ್ಲಾದಲ್ಲಿ 24 ಗಂಟೆಯೊಳಗೆ 254.8 ಮಿ.ಮೀ. ಬಿತ್ತು. ಆ ದೇಶದಲ್ಲಿ 1949ರಲ್ಲಿ ಮಳೆ ಬರೆದಿಡಲು ತೊಡಗಿದ ಮೇಲೆ ಅಷ್ಟು ಬಿದ್ದದ್ದೇ ಇಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಕಂಡ ಮುಂಬಯಿಯವರಿಗೆ ಅದು ಆಷಾಢದ ಒಂದು ಜೋರು ಮಳೆ. ಮರಳುಗಾಡಿನ ಮೇಲೆ ಎದ್ದ ಊರಿಗೆ ಅದೇ ಪ್ರಳಯ. ‘ಮೋಡಬಿತ್ತನೆ ಮಾಡಿ ಕೆಟ್ಟರು’ ಎಂಬ ಮಾತು ಆ ಸಂಜೆಯೇ ಲೋಕವೆಲ್ಲ ಸುತ್ತಿತು. ಅದು ನಂಬಿಕೆಗೆ ಬಂದದ್ದೇಕೆಂದರೆ ಅದರಲ್ಲಿ ಅರ್ಧ ನಿಜವಿತ್ತು: ಯುಎಇ ವರ್ಷಗಳಿಂದ ಮೋಡಬಿತ್ತನೆ ಮಾಡುತ್ತಲೇ ಇದೆ. ಆದರೆ ಬಿತ್ತನೆಯಿಂದ ಇದ್ದ ಮೋಡದಲ್ಲಿ ತುಸು ಹೆಚ್ಚು ಹನಿ ಉದುರಬಹುದೇ ಹೊರತು ಒಮಾನಿನಿಂದ ಯುಎಇವರೆಗೆ ಹರಡಿದ ಬಿರುಮಳೆ ಹುಟ್ಟುವುದಿಲ್ಲ. ಆ ಬಿರುಗಾಳಿಯ ವೇಳೆ ಬಿತ್ತನೆ ಮಾಡಿಲ್ಲ ಎಂದು ಅಲ್ಲಿಯ ಹವಾಮಾನ ಕೇಂದ್ರವೂ ಹೇಳಿತು.

ನೀವು ಮಾಡಬಹುದಾದದ್ದು ಇಷ್ಟು. ಅಂಥ ದಿನ ಮಗನಿಗೆ ‘ಕ್ಷೇಮವೇ?’ ಎಂದು ಮಾತ್ರ ಬರೆಯಿರಿ, ಉಳಿದದ್ದು ಫೋನಿನಲ್ಲಿ. ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು. ಮೊದಲ ಕೈ ಯಾರದು ಎಂದು ಗ್ರೂಪಿನಲ್ಲಿ ಯಾರೂ ಹೇಳಲಾರರು. ಗ್ರೂಪಿನ ಅಡ್ಮಿನ್ ಗಲ್ಫಿನಲ್ಲಿದ್ದರೆ ಆ ಹೊಣೆಯನ್ನು ಊರಿನಲ್ಲೋ ಮುಂಬಯಿಯಲ್ಲೋ ಇರುವವರು ವಹಿಸಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ‘ಮಾಧ್ಯಮ ಸಾಕ್ಷರತೆ’ಗೆ, ಅಂದರೆ ಸುದ್ದಿಯನ್ನು ತೂಗಿ ಓದುವ ಕಲಿಕೆಗೆ, ಅರಬರಲ್ಲಿ ಏನನ್ನುತ್ತಾರೆ? ಶಾಲೆಯಲ್ಲಿ ಕಲಿಸುತ್ತಾರೆಯೇ, ಅಥವಾ ಬರೀ ಕಾನೂನೇ?
— ನಿವೃತ್ತ ಶಿಕ್ಷಕಿ, ಮಾಟುಂಗಾ

ಉತ್ತರ: ಹೆಸರಿನಲ್ಲೇ ಒಂದು ಜಗಳವಿದೆ. ಹೆಚ್ಚು ಬಳಕೆಯಲ್ಲಿರುವುದು ‘ತರ್ಬಿಯಾ ಇಅಲಾಮಿಯಾ’. ಇಅಲಾಮಿಯಾ ಅಂದರೆ ಮಾಧ್ಯಮದ್ದು. ತರ್ಬಿಯಾ ಎಂದರೆ ಮಗುವನ್ನು ಸಾಕಿ ತಿದ್ದಿ ಬೆಳೆಸುವುದು, ಅಂದರೆ ಪಾಲನೆ ಮತ್ತು ಶಿಕ್ಷಣ ಎರಡೂ. ಹಾಗಾಗಿ ಈ ಹೆಸರು ಹಿಡಿದವರಲ್ಲಿ ಅನೇಕರಿಗೆ ಇದು ಕೆಟ್ಟ ಸಿನಿಮಾ, ಹೊರಗಿನ ಚಾನೆಲ್ಲು, ಮೊಬೈಲು ಇವುಗಳಿಂದ ಮಕ್ಕಳನ್ನು ಕಾಯುವ ಕೆಲಸ. ‘ಮಹ್ವ್ ಅಲ್ ಉಮ್ಮಿಯ್ಯಾ’, ಅಂದರೆ ನಿರಕ್ಷರತೆಯನ್ನು ಅಳಿಸುವುದು, ಎಂಬ ಹಳೆಯ ನುಡಿಗಟ್ಟಿಗೆ ‘ಮಾಧ್ಯಮ’ ಸೇರಿಸಿ ಬಳಸುವವರೂ ಇದ್ದಾರೆ. ಮೂರನೆಯದು ‘ದಿರಾಯಾ ಇಅಲಾಮಿಯಾ’. ಇದರ ಸೊಗಸೇ ಬೇರೆ. ಪ್ರವಾದಿಯವರ ನಡೆನುಡಿಯ ವರದಿಗಳಾದ ಹದೀಸಿನ ಶಾಸ್ತ್ರದಲ್ಲಿ ಕೇಳಿದ್ದನ್ನು ಕೇಳಿದಂತೆ ಹೇಳುವುದು ರಿವಾಯಾ. ಹೇಳಿದ್ದನ್ನು ತೂಗಿ ನೋಡಿ ಅರ್ಥ ಮಾಡಿಕೊಳ್ಳುವುದು ದಿರಾಯಾ. ವಾಟ್ಸ್ಆ್ಯಪಿನಲ್ಲಿ ನಾವೆಲ್ಲ ಮಾಡುತ್ತಿರುವುದು ರಿವಾಯಾ, ಬೇಕಾದದ್ದು ದಿರಾಯಾ. ಕನ್ನಡದ ‘ಸಾಕ್ಷರತೆ’ಗಿಂತ ಈ ಮಾತು ಕೆಲಸಕ್ಕೆ ಹತ್ತಿರ ಅನ್ನಿಸುತ್ತದೆ.

ಇತಿಹಾಸ ಚಿಕ್ಕದು. 1982ರಲ್ಲಿ ಜರ್ಮನಿಯ ಗ್ರುನ್‌ವಾಲ್ಡ್‌ನಲ್ಲಿ ಯುನೆಸ್ಕೊ ಹೊರಡಿಸಿದ ಘೋಷಣೆಯಿಂದ ಈ ಶಿಕ್ಷಣದ ಮಾತು ಲೋಕದಲ್ಲಿ ಗಟ್ಟಿಯಾಯಿತು. ಅರಬ್ ನೆಲಕ್ಕೆ ಬಂದರೆ, 2011ರ ಜೂನ್‌ನಲ್ಲಿ ಮೊರೊಕ್ಕೊದ ಫೆಸ್ ನಗರದಲ್ಲಿ ಮಾಧ್ಯಮ ಮತ್ತು ಮಾಹಿತಿ ಸಾಕ್ಷರತೆಯ ಮೊದಲ ಅಂತಾರಾಷ್ಟ್ರೀಯ ವೇದಿಕೆ ಸೇರಿತು. ಅಲ್ಲಿಂದ ಫೆಸ್ ಘೋಷಣೆ ಹೊರಟಿತು. ಅದೇ ವರ್ಷ ಯುನೆಸ್ಕೊ ಶಿಕ್ಷಕರಿಗಾಗಿ ತಂದ ಪಠ್ಯಕ್ರಮ ಅರಬ್ಬೀ ಭಾಷೆಯಲ್ಲೂ ಬಂತು. 2013ರಲ್ಲಿ ಲೆಬನಾನಿನ ಬೈರೂತಿನಲ್ಲಿ ಮಾಧ್ಯಮ ಮತ್ತು ಡಿಜಿಟಲ್ ಸಾಕ್ಷರತೆಯ ಅಕಾಡೆಮಿಯೊಂದು ಬೇಸಿಗೆ ಶಿಬಿರವಾಗಿ ಶುರುವಾಯಿತು. ಇದರ ಜಾಣತನ ಏನೆಂದರೆ ನೇರ ಮಕ್ಕಳಿಗೆ ಕಲಿಸಲು ಹೋಗಲಿಲ್ಲ. ಬೇರೆ ಬೇರೆ ಅರಬ್ ದೇಶಗಳ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಕರೆಸಿ, ಅವರ ಕೈಗೇ ಅರಬ್ಬೀ ಪಾಠ ಕೊಟ್ಟು ಅವರವರ ವಿಶ್ವವಿದ್ಯಾಲಯಗಳಿಗೆ ಕಳಿಸಿತು. ಇಂಗ್ಲಿಷ್ ಪುಸ್ತಕದ ಅನುವಾದ ತರಗತಿಯಲ್ಲಿ ಸೋಲುತ್ತದೆ, ಯಾಕೆಂದರೆ ಅಲ್ಲಿಯ ಉದಾಹರಣೆಗಳೆಲ್ಲ ಅಮೆರಿಕದ ಜಾಹೀರಾತು. ನಮ್ಮಲ್ಲೂ ಇದೇ ಗೋಳು.

ಜೋರ್ಡಾನಿನದು ಇನ್ನೊಂದು ದಾರಿ. ಅಮ್ಮಾನಿನ ಜೋರ್ಡಾನ್ ಮೀಡಿಯಾ ಇನ್‌ಸ್ಟಿಟ್ಯೂಟ್ ‘ಅಕೀದ್’ ಎಂಬ ನಿಗಾ ಯೋಜನೆ ನಡೆಸುತ್ತದೆ. ಅಕೀದ್ ಅಂದರೆ ‘ಖಾತ್ರಿ’. ಪತ್ರಿಕೆಗಳು ಸುದ್ದಿಯ ಮೂಲ ಹೇಳಿದವೇ, ಇನ್ನೊಂದು ಪಕ್ಷದ ಮಾತು ಕೇಳಿದವೇ ಎಂದು ಅದು ಅಳೆಯುತ್ತದೆ. ಅದೇ ದೇಶದಲ್ಲಿ 2023ರ 17ನೇ ಸೈಬರ್ ಅಪರಾಧ ಕಾನೂನಿನಂತೆ ಸುಳ್ಳುಸುದ್ದಿಗೆ ಕನಿಷ್ಠ ಮೂರು ತಿಂಗಳ ಸೆರೆ, ಅಥವಾ 5,000ದಿಂದ 20,000 ದಿನಾರ್ ದಂಡ, ಇಲ್ಲವೆ ಎರಡೂ. ಈಜಿಪ್ತಿನಲ್ಲಿ 2018ರ ಕಾನೂನು 5,000 ಅಥವಾ ಅದಕ್ಕಿಂತ ಹೆಚ್ಚು ಅನುಯಾಯಿಗಳಿರುವ ಖಾಸಗಿ ಖಾತೆಯನ್ನೂ ಪತ್ರಿಕೆಯ ಸಾಲಿಗೆ ಸೇರಿಸಿತು. ಇರಾಕಿನಲ್ಲಿ ಪರೀಕ್ಷೆಯ ಬೆಳಿಗ್ಗೆ ಪ್ರಶ್ನೆಪತ್ರಿಕೆ ಸೋರದಿರಲಿ ಎಂದು ದೇಶದ ಇಂಟರ್‌ನೆಟ್ಟನ್ನೇ ಕೆಲವು ಗಂಟೆ ನಿಲ್ಲಿಸುತ್ತಾರೆ! ಅಂದರೆ ನಿಮ್ಮ ಪ್ರಶ್ನೆಗೆ ಉತ್ತರ: ಎರಡೂ ಇವೆ, ಬಹಳ ಸಲ ಒಂದೇ ಕಟ್ಟಡದಲ್ಲಿ. ಸುದ್ದಿಯನ್ನು ತಡೆಯುವುದು ಬೇರೆ, ಸುದ್ದಿ ಓದಲು ಕಲಿಸುವುದು ಬೇರೆ. ಎರಡಕ್ಕೂ ‘ಜಾಗೃತಿ’ ಎಂದೇ ಬೋರ್ಡು ಹಾಕುವುದರಿಂದ ಗೊಂದಲವಾಗುತ್ತದೆ. ಗುರುತಿಸಲು ಒಂದು ಉಪಾಯವಿದೆ. ಪಾಠದಲ್ಲಿ ಸರಕಾರಿ ಹೇಳಿಕೆಯನ್ನೂ ಪ್ರಶ್ನಿಸಲು ಬಿಡುತ್ತಾರೆಯೇ ನೋಡಿ. ಬಿಟ್ಟರೆ ಅದು ಕಲಿಕೆ, ಇಲ್ಲದಿದ್ದರೆ ತಡೆ. ನಮ್ಮ ದೇಶದ ಕಾರ್ಯಾಗಾರಗಳಿಗೂ ಈ ಅಳತೆಗೋಲು ಹಿಡಿಯಬಹುದು.

ಪ್ರಶ್ನೆ: ನಮ್ಮ ಮೊಹಲ್ಲಾದಲ್ಲಿ ಹಿರಿಯರು ಹಂಚಿದ ಧಾರ್ಮಿಕ ಸಂದೇಶವನ್ನು ‘ಇದು ನಿಜವೇ?’ ಎಂದು ಕೇಳಿದರೆ ಬೇಜಾರಾಗುತ್ತಾರೆ. ಅರಬ್ ದೇಶಗಳಲ್ಲಿ ಇದನ್ನು ಹೇಗೆ ನಿಭಾಯಿಸುತ್ತಾರೆ?
— ಕಾಲೇಜು ವಿದ್ಯಾರ್ಥಿ, ಮೀರಾ ರೋಡ್

ಉತ್ತರ: ಅಲ್ಲಿಯವರು ಧರ್ಮದೊಳಗಿನಿಂದಲೇ ಬಾಗಿಲು ತೆರೆದರು. ಯಾರಾದರೂ ನಂಬಿಕೆಗೆ ತಕ್ಕವನಲ್ಲದವನು ಸುದ್ದಿ ತಂದರೆ ಪರಿಶೀಲಿಸಿ, ಅರಿಯದೆ ಯಾರಿಗಾದರೂ ಕೇಡು ಮಾಡೀರಿ ಎಂಬ ಅರ್ಥದ ಮಾತು ಕುರಾನಿನ 49ನೇ ಅಧ್ಯಾಯದ 6ನೇ ವಾಕ್ಯದಲ್ಲಿದೆ. ‘ಪರಿಶೀಲಿಸಿ’ ಎಂಬುದಕ್ಕೆ ಅಲ್ಲಿರುವ ಪದ ‘ಫತಬಯ್ಯನೂ’. 2014ರಲ್ಲಿ ಜೋರ್ಡಾನಿನಲ್ಲಿ ಶುರುವಾದ ಫ್ಯಾಕ್ಟ್‌ಚೆಕ್ ತಾಣ ಅದೇ ಪದವನ್ನು ಹೆಸರಾಗಿಟ್ಟುಕೊಂಡಿತು. ಸಿರಿಯಾದವರು ನಡೆಸುವ ಇನ್ನೊಂದರ ಹೆಸರು ‘ತಅಕ್ಕದ್’, ಅಂದರೆ ಖಚಿತಪಡಿಸಿಕೋ. ಹಿರಿಯರಿಗೆ ‘ನೀವು ಸುಳ್ಳು ಹೇಳುತ್ತೀರಿ’ ಎಂದು ಕೇಳಿಸುವ ಬದಲು ‘ನಮ್ಮಲ್ಲೇ ಇರುವ ಪದ್ಧತಿ’ ಎಂದು ಕೇಳಿಸುತ್ತದೆ.

ಪದ್ಧತಿ ನಿಜಕ್ಕೂ ಇದೆ. ಹದೀಸಿನ ಪಂಡಿತರು ಒಂದು ಮಾತನ್ನು ಎರಡು ಭಾಗ ಮಾಡುತ್ತಿದ್ದರು: ಯಾರಿಂದ ಯಾರಿಗೆ ಬಂತು ಎಂಬ ಸನದ್, ಬಂದ ಮಾತಾದ ಮತನ್. ಸರಪಳಿಯ ಪ್ರತಿ ಕೊಂಡಿಯ ಮನುಷ್ಯ ಎಲ್ಲಿದ್ದ, ಯಾವಾಗ ಬದುಕಿದ್ದ, ಮುಂದಿನವನನ್ನು ನಿಜಕ್ಕೂ ಭೇಟಿಯಾಗಿದ್ದನೇ, ನೆನಪು ಗಟ್ಟಿಯೇ ಎಂದು ಜಾಲಾಡುತ್ತಿದ್ದರು. ನಡುವೆ ಒಂದು ಕೊಂಡಿ ಕಳಚಿದ್ದರೆ ಅದಕ್ಕೆ ‘ಮುನ್‌ಕತಿ’, ಅಂದರೆ ತುಂಡಾದದ್ದು, ಎಂಬ ಹೆಸರು. ಈ ಕಣ್ಣಿನಿಂದ ನೋಡಿದರೆ ಫಾರ್ವರ್ಡ್ ಸಂದೇಶವೆಲ್ಲ ಮುನ್‌ಕತಿಯೇ. ಕೊನೆಯ ಕೊಂಡಿಯಾದ ಚಿಕ್ಕಪ್ಪ ಎಷ್ಟೇ ಸಜ್ಜನರಾದರೂ ಸರಪಳಿ ತುಂಡು. ಆದ್ದರಿಂದ ‘ಚಾಚಾ, ಇದು ನಿಜವೇ?’ ಅನ್ನಬೇಡಿ. ‘ಚಾಚಾ, ಇದರ ಸನದ್ ಯಾವುದು?’ ಅನ್ನಿ. ಮೊದಲನೆಯದು ಅವರ ಮೇಲೆ ಬೀಳುತ್ತದೆ, ಎರಡನೆಯದು ಸಂದೇಶದ ಮೇಲೆ. ಕನ್ನಡದ ಅಜ್ಜಿಯರ ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯೂ ಈ ಜಾಗದಲ್ಲಿ ಚೆನ್ನಾಗಿ ಕೂರುತ್ತದೆ, ಯಾವ ಧರ್ಮದ ಮನೆಯಲ್ಲಾದರೂ.

ಪ್ರಶ್ನೆ: ಯಾವ ಅರಬ್ ಚಾನೆಲ್ ನಂಬಬಹುದು?
— ಹೋಟೆಲ್ ಉದ್ಯಮಿ, ಠಾಣೆ

ಉತ್ತರ: ಒಂದನ್ನೇ ಅಂದರೆ ಯಾವುದನ್ನೂ ಬೇಡ. ಅಲ್ ಜಜೀರಾ (1996) ಕತಾರ್ ಸರಕಾರದ ಹಣದಿಂದ ನಡೆಯುತ್ತದೆ. ಅಲ್ ಅರಬಿಯಾ (2003) ಸೌದಿಯವರದು. ಸ್ಕೈ ನ್ಯೂಸ್ ಅರೇಬಿಯಾ ಅಬುಧಾಬಿಯಿಂದ, ಅಲ್ ಮಯಾದೀನ್ ಬೈರೂತಿನಿಂದ. ಬೇರೆ ದೇಶದ ವಿಚಾರದಲ್ಲಿ ಎಲ್ಲರೂ ಧೈರ್ಯಶಾಲಿಗಳೇ. ಒಡೆಯನ ಮನೆಯ ಸುದ್ದಿ ಬಂದಾಗ ದನಿ ಸಣ್ಣದಾಗುತ್ತದೆ. ಆದ್ದರಿಂದ ಕತಾರಿನ ಸುದ್ದಿಗೆ ಅಲ್ ಅರಬಿಯಾವನ್ನೂ ಸೌದಿಯ ಸುದ್ದಿಗೆ ಅಲ್ ಜಜೀರಾವನ್ನೂ ನೋಡಿ, ಎರಡೂ ಒಪ್ಪುವ ಸಂಗತಿಗಳನ್ನು ಮಾತ್ರ ಮೊದಲು ಬರೆದಿಟ್ಟುಕೊಳ್ಳಿ: ಎಲ್ಲಿ, ಯಾವಾಗ, ಎಷ್ಟು ಜನ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಪೂರ್ತಿ ಇಲ್ಲದ್ದು ಯಾವುದು ಎಂಬ ಪಟ್ಟಿ ಇನ್ನೂ ಹೆಚ್ಚು ಕಲಿಸುತ್ತದೆ. ಅಲ್ ಜಜೀರಾದ ಇಂಗ್ಲಿಷ್ ನೋಡಿ ಅರಬ್ಬೀಯೂ ಹಾಗೇ ಇರುತ್ತದೆ ಎಂದುಕೊಳ್ಳಬೇಡಿ. ಸಂಪಾದಕರು ಬೇರೆ, ನೋಡುವವರು ಬೇರೆ.

ಅರಬ್ ಜನ ಸುದ್ದಿಯನ್ನು ಸುಲಭಕ್ಕೆ ನಂಬುವವರು ಎಂಬ ಭಾವನೆ ನಮ್ಮಲ್ಲಿದೆ. ಅದು ತಿರುಗುಮುರುಗು. 1967ರ ಜೂನ್ 5ರಂದು, ಇಸ್ರೇಲ್ ಜೊತೆಗಿನ ಯುದ್ಧದ ಮೊದಲ ದಿನ, ಈಜಿಪ್ತಿನ ವಿಮಾನಪಡೆ ಮೊದಲ ಕೆಲವೇ ಗಂಟೆಗಳಲ್ಲಿ ನೆಲದ ಮೇಲೇ ಸುಟ್ಟುಹೋಯಿತು. ಕೈರೋದ ‘ಸೌತ್ ಅಲ್ ಅರಬ್’ ರೇಡಿಯೊ ಮಾತ್ರ ಶತ್ರುವಿಮಾನಗಳನ್ನು ಡಜನ್‌ಗಟ್ಟಲೆ ಉರುಳಿಸಿದೆವು ಎಂದು ಸಾರುತ್ತಲೇ ಇತ್ತು. ನಿಜ ತಿಳಿದ ಆ ವಾರದ ಪೆಟ್ಟು ಒಂದು ತಲೆಮಾರಿಗೆ ಮರೆಯಲಿಲ್ಲ. ಸ್ವಂತ ಸರಕಾರದ ರೇಡಿಯೊ ಬಿಟ್ಟು ಲಂಡನ್ನಿನ ಬಿಬಿಸಿ ಅರಬ್ಬೀ ಕೇಳುವ ಅಭ್ಯಾಸಕ್ಕೆ ಇಂಥ ಪೆಟ್ಟುಗಳೇ ಕಾರಣ. 1938ರಲ್ಲಿ ಹುಟ್ಟಿದ ಆ ರೇಡಿಯೊ 2023ರ ಜನವರಿಯಲ್ಲಿ ನಿಂತಿತು.

ಸರಕಾರಿ ಸುದ್ದಿಸಂಸ್ಥೆಯ ಹೆಸರಿದ್ದರೆ ಸಾಕು ಎಂಬುದಕ್ಕೂ ಒಂದು ಪೆಟ್ಟು ಬಿದ್ದಿದೆ. 2017ರ ಮೇ 24ರ ನಡುರಾತ್ರಿ ಕತಾರ್ ನ್ಯೂಸ್ ಏಜೆನ್ಸಿಯ ತಾಣಕ್ಕೆ ಕನ್ನ ಹಾಕಿ, ದೇಶದ ದೊರೆಯಾದ ಅಮೀರರು ಹೇಳದ ಮಾತುಗಳನ್ನು ಅವರ ಹೆಸರಿನಲ್ಲಿ ಹಾಕಲಾಯಿತು. ಕತಾರ್ ಕೂಡಲೇ ಅಲ್ಲಗಳೆದರೂ ನೆರೆಯ ಚಾನೆಲ್ಲುಗಳು ಅದನ್ನೇ ಗಂಟೆಗಟ್ಟಲೆ ತಿರುವಿದವು. ಜೂನ್ 5ರಂದು ಸೌದಿ, ಯುಎಇ, ಬಹರೇನ್, ಈಜಿಪ್ತ್ ಸಂಬಂಧ ಕಡಿದುಕೊಂಡವು. ಬಿರುಕು ಮುಚ್ಚಿದ್ದು 2021ರ ಜನವರಿಯಲ್ಲಿ. ಜಗಳಕ್ಕೆ ಕಾರಣ ಹಳೆಯವು, ಆದರೆ ಕಡ್ಡಿ ಗೀರಿದ್ದು ಒಂದು ನಕಲಿ ಸುದ್ದಿ. ಆದ್ದರಿಂದ ‘ಅಧಿಕೃತ’ ಎಂದರೂ ಎರಡು ಕಡೆ ನೋಡುವುದು ಒಳ್ಳೆಯದು: ತಾಣದಲ್ಲಿಯೂ, ಟಿವಿಯಲ್ಲಿ ಆಡಿದ ದೃಶ್ಯದಲ್ಲಿಯೂ.

ಪ್ರಶ್ನೆ: ಅರಬ್ಬೀ ಅಕ್ಷರ ಗೊತ್ತಿಲ್ಲ. ಆದರೂ ‘ಅರಬ್ ದೇಶದ ವಿಡಿಯೊ’ ಎಂದು ಬಂದದ್ದನ್ನು ಪರೀಕ್ಷಿಸಬಹುದೇ? ಹಂತ ಹಂತವಾಗಿ ಹೇಳಿ.
— ಸಾಫ್ಟ್‌ವೇರ್ ಉದ್ಯೋಗಿ, ಪಿಂಪ್ರಿ–ಚಿಂಚವಡ್, ಪುಣೆ

ಉತ್ತರ: ಬಹುಪಾಲು ಪರೀಕ್ಷಿಸಬಹುದು. ಅರ್ಧ ಗಂಟೆ ಬೇಕು.

ಮೊದಲು ವಿಡಿಯೊವನ್ನು ದನಿ ಮುಚ್ಚಿ ನೋಡಿ. ದನಿ ಮತ್ತು ಅಡಿಬರಹ ಸೇರಿಸುವುದು ಅತಿ ಸುಲಭವಾದ ಮೋಸ. ಹಿಂದಿ ಅಡಿಬರಹವಿದ್ದರೆ ಅದು ಮೂಲದಲ್ಲ, ಯಾರೋ ಅಂಟಿಸಿದ್ದು. ಆಮೇಲೆ ಅಂಗಡಿ ಬೋರ್ಡು, ವಾಹನದ ನಂಬರು ಪ್ಲೇಟು, ಸಮವಸ್ತ್ರ, ಕಿಲೋಮೀಟರು ಕಲ್ಲು ಕಾಣುವ ಐದಾರು ಕ್ಷಣಗಳಲ್ಲಿ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಮಸುಕಾದ, ಓಡುವ ಚಿತ್ರ ಬೇಡ. ಅವನ್ನು ಗೂಗಲ್ ಲೆನ್ಸ್, ಯಾಂಡೆಕ್ಸ್, ಟಿನ್‌ಐ ಮೂರರಲ್ಲೂ ಹಾಕಿ. ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುತ್ತದೆ. ಟಿನ್‌ಐಯಲ್ಲಿ ಹಳೆಯದನ್ನು ಮೊದಲು ತೋರಿಸುವಂತೆ ಜೋಡಿಸಬಹುದು. ಏನೂ ಸಿಗದಿದ್ದರೆ ಚಿತ್ರವನ್ನು ಎಡಬಲ ತಿರುಗಿಸಿ ಮತ್ತೆ ಹುಡುಕಿ. ಹಿಡಿಯದಿರಲಿ ಎಂದು ಕನ್ನಡಿಯಂತೆ ತಿರುಗಿಸಿ ಹಾಕುವವರಿದ್ದಾರೆ. ಬಲದಿಂದ ಎಡಕ್ಕೆ ಓಡುವ ಬರಹ ಅಕ್ಷರ ತಿಳಿಯದವರಿಗೆ ತಿರುಗಿದ್ದರೂ ಗೊತ್ತಾಗುವುದಿಲ್ಲ, ಅಲ್ಲೇ ನಾವು ಬೀಳುವುದು. ಚಿತ್ರದಲ್ಲಿರುವ ಇಂಗ್ಲಿಷ್ ಬೋರ್ಡು ಅಥವಾ ಕಾರಿನ ಸ್ಟೀರಿಂಗ್ ನೋಡಿದರೆ ತಿಳಿಯುತ್ತದೆ. ಅರಬ್ ದೇಶಗಳಲ್ಲಿ ಸಾಮಾನ್ಯವಾಗಿ ಸ್ಟೀರಿಂಗ್ ಎಡಕ್ಕೆ.

ಇನ್ನು ಅಂಕಿ. ಇದನ್ನು ಹತ್ತು ನಿಮಿಷದಲ್ಲಿ ಕಲಿಯಬಹುದು, ಜೀವಮಾನಕ್ಕೆ ಬರುತ್ತದೆ. ಈಜಿಪ್ತಿನಿಂದ ಪೂರ್ವಕ್ಕೆ ಬಳಸುವ ಅಂಕಿಗಳಲ್ಲಿ ಸೊನ್ನೆ ಬರೀ ಒಂದು ಚುಕ್ಕಿ. ಸಣ್ಣ ವೃತ್ತ ಕಂಡರೆ ಅದು ಐದು. ಕನ್ನಡದ ಸೊನ್ನೆಯಂತೆ ಕಾಣುವುದರಿಂದ ನಮ್ಮವರು ಹೆಚ್ಚು ಎಡವುವುದು ಇಲ್ಲೇ. ಆರು ಎಂಬುದು ಇಂಗ್ಲಿಷ್ ಏಳರ ಹಾಗಿದೆ. ಏಳು ಇಂಗ್ಲಿಷಿನ ವಿ ಅಕ್ಷರ, ಎಂಟು ಅದನ್ನೇ ತಲೆಕೆಳಗು ಮಾಡಿದ್ದು. ನಾಲ್ಕು, ತಿರುಗಿಸಿದ ಮೂರರಂತೆ. ಬರಹ ಬಲದಿಂದ ಓಡಿದರೂ ಅಂಕಿಗಳನ್ನು ನಮ್ಮ ಹಾಗೆ ಎಡದಿಂದಲೇ ಓದಬೇಕು. ಮೊರೊಕ್ಕೊ, ಅಲ್ಜೀರಿಯಾ, ಟ್ಯುನೀಸಿಯಾಗಳಲ್ಲಿ ಇಂಗ್ಲಿಷ್ ಅಂಕಿಯೇ ಬಳಕೆ. ಆದ್ದರಿಂದ ‘ಮೊರೊಕ್ಕೊ ಪೊಲೀಸ್’ ಎಂಬ ವಿಡಿಯೊದ ಬೋರ್ಡುಗಳಲ್ಲಿ ಐದರ ವೃತ್ತ, ಏಳರ ವಿ ಕಂಡರೆ ಅನುಮಾನಿಸಿ.

ಅದು ಅರಬ್ಬೀಯೇ ಹೌದೇ ಎಂಬುದೂ ನೋಡಬೇಕಾದ ಸಂಗತಿ. ಅರಬ್ಬೀ ಲಿಪಿಯ ಮೂಲ ಅಕ್ಷರಗಳಲ್ಲಿ ಪ, ಚ ಇಲ್ಲ. ಪರ್ಷಿಯನ್, ಉರ್ದು ಬರಹದಲ್ಲಿ ಅವಕ್ಕೆ ಮೂರು ಚುಕ್ಕಿಯ ಅಕ್ಷರಗಳಿವೆ. ಟ, ಡ ಬರೆಯಲು ಉರ್ದುವಿನಲ್ಲಿ ಅಕ್ಷರದ ತಲೆಯ ಮೇಲೆ ಸಣ್ಣದೊಂದು ಗಂಟು ಇರುತ್ತದೆ. ಅರಬ್ಬೀಯಲ್ಲಿ ಇರುವುದೇ ಇಲ್ಲ. ಆ ಗಂಟು ಕಂಡರೆ ಜಾಗ ಗಲ್ಫ್ ಅಲ್ಲದೆ ಲಾಹೋರೋ ಕರಾಚಿಯೋ ಇರಬಹುದು, ನಮ್ಮ ಭೇಂಡಿ ಬಜಾರೂ ಇರಬಹುದು!

ತಾರೀಖಿನಲ್ಲಿ ಎರಡು ಬಲೆಗಳಿವೆ. ಒಂದು, ಇಸ್ಲಾಮೀ ಪಂಚಾಂಗದ ಹಿಜ್ರಿ ವರ್ಷ. ಪ್ರಕಟಣೆಯಲ್ಲಿ 1445 ಎಂದಿದ್ದರೆ ಅದನ್ನು 0.97ರಿಂದ ಗುಣಿಸಿ 622 ಕೂಡಿಸಿ. 2023–24 ಎಂದು ಸಿಗುತ್ತದೆ. ಇನ್ನೊಂದು ತಿಂಗಳ ಹೆಸರು. ಜುಲೈಗೆ ಈಜಿಪ್ತ್, ಗಲ್ಫಿನಲ್ಲಿ ‘ಯೂಲಿಯೂ’. ಸಿರಿಯಾ, ಲೆಬನಾನ್, ಇರಾಕ್ ಕಡೆ ‘ತಮ್ಮೂಜ್’. ಅಲ್ಜೀರಿಯಾ, ಟ್ಯುನೀಸಿಯಾದಲ್ಲಿ ‘ಜುವೀಲಿಯಾ’. ಪ್ರಕಟಣೆಯ ತಿಂಗಳೇ ಅದು ಯಾವ ಕಡೆಯದು ಎಂದು ಚಾಡಿ ಹೇಳುತ್ತದೆ. ದುಬೈ ಸರಕಾರದ್ದು ಎಂಬ ಪತ್ರದಲ್ಲಿ ತಮ್ಮೂಜ್ ಇದ್ದರೆ ಪತ್ರ ಬರೆದವನು ದುಬೈಯವನಲ್ಲ ಎಂದು ಶಂಕಿಸಬಹುದು.

ಕೊನೆಗೆ ಅನುವಾದ. ಲೆನ್ಸ್ ಅಚ್ಚಿನ ಅಕ್ಷರವನ್ನು ಚೆನ್ನಾಗಿ ಓದುತ್ತದೆ. ಕೈಬರಹ, ಗೋಡೆಬರಹ, ಅಲಂಕಾರದ ಬರಹದಲ್ಲಿ ತಪ್ಪುತ್ತದೆ. ಎರಡು ಬೇರೆ ಅನುವಾದಕಗಳಲ್ಲಿ ಹಾಕಿ. ಎರಡರ ಅರ್ಥವೂ ಹೊಂದಿದರೆ ಮುಂದೆ ಹೋಗಿ. ಯಂತ್ರ ಕಲಿತದ್ದು ಬಹುಪಾಲು ‘ಫುಸ್‌ಹಾ’ ಎಂಬ ಗ್ರಾಂಥಿಕ ಅರಬ್ಬೀ. ಬೀದಿಯವರು ಆಡುವುದು ‘ಆಮ್ಮಿಯಾ’. ಕುಂದಾಪುರ ಕನ್ನಡವನ್ನು ಪಠ್ಯಪುಸ್ತಕದ ಕನ್ನಡ ಬಲ್ಲ ಯಂತ್ರಕ್ಕೆ ಕೇಳಿಸಿದ ಹಾಗೆ. ಅದರ ಮೇಲೆ ಯುವಕರು ಇಂಗ್ಲಿಷ್ ಅಕ್ಷರದಲ್ಲಿ ಅರಬ್ಬೀ ಬರೆಯುವಾಗ ಅಂಕಿಗಳನ್ನು ಅಕ್ಷರವಾಗಿ ಸೇರಿಸುತ್ತಾರೆ: ಗಂಟಲಾಳದ ‘ಐನ್’ಗೆ 3, ಒರಟು ‘ಹ’ಕ್ಕೆ 7. ಇದನ್ನು ಯಂತ್ರ ಕಸ ಎಂದು ಬಿಡುತ್ತದೆ. ಸುಳ್ಳು ಹಿಡಿಯುವ ಕಂಪನಿಗಳ ಯಂತ್ರಗಳೂ ಇಲ್ಲೇ ಎಡವುವುದರಿಂದ ಅರಬ್ ಫ್ಯಾಕ್ಟ್‌ಚೆಕ್ ಸಂಸ್ಥೆಗಳಿಗೆ ಮನುಷ್ಯರ ಕಿವಿ ಇನ್ನೂ ಬೇಕು. ಆ ಕಿವಿ ನಿಮಗೂ ಸಿಗುತ್ತದೆ: ಗಲ್ಫಿನಲ್ಲಿ ಹತ್ತು ವರ್ಷ ಕಳೆದ ನೆಂಟರು. ಅವರಿಗೆ ವಿಡಿಯೊ ಕಳಿಸಬೇಡಿ, ಮೇಲಿನ ಕಾನೂನು ನೆನಪಿರಲಿ. ಊರಿಗೆ ಬಂದಾಗ ತೋರಿಸಿ ಕೇಳಿ. ಜಮಾಲನನ್ನು ‘ಗಮಾಲ್’ ಎಂದರೆ ಕೈರೋದವನು, ‘ಶ್ಲೋನಕ್’ ಎಂದು ಕ್ಷೇಮ ಕೇಳಿದರೆ ಇರಾಕ್ ಅಥವಾ ಗಲ್ಫಿನವನು, ‘ಕೀಫಕ್’ ಎಂದರೆ ಬೈರೂತ್–ದಮಾಸ್ಕಸ್ ಕಡೆಯವನು ಎಂದು ಅವರು ಕೂಡಲೇ ಹೇಳುತ್ತಾರೆ.

ಪ್ರಶ್ನೆ: ದನಿ ಮಾತ್ರ ಇರುವ ಆಡಿಯೊ ಬಂದರೆ? ಚಿತ್ರವೇ ಇಲ್ಲವಲ್ಲ.
— ಓದುಗರು, ವಾಸ್ಕೊ, ಗೋವೆ

ಉತ್ತರ: ಇದು ಕಷ್ಟದ್ದು. ಆದರೆ ಸುಡಾನಿನ ಒಂದು ಪ್ರಕರಣ ದಾರಿ ತೋರಿಸುತ್ತದೆ. 2023ರಲ್ಲಿ ಪದಚ್ಯುತ ಅಧ್ಯಕ್ಷ ಒಮರ್ ಅಲ್ ಬಶೀರರ ದನಿಯೆಂದು ಟಿಕ್‌ಟಾಕ್‌ನಲ್ಲಿ ಆಡಿಯೊ ಸರಣಿ ಬಂತು. ದನಿ ಹುಬೇಹೂಬು. ಪರಿಶೀಲಿಸಿದವರು ದನಿಯ ಬೆನ್ನು ಹತ್ತದೆ ಮಾತಿನ ಬೆನ್ನು ಹತ್ತಿದರು. ಅದೇ ವಾಕ್ಯಗಳು, ಅದೇ ನಿಲುಗಡೆಗಳು ಬೇರೊಬ್ಬ ಸುಡಾನೀ ವ್ಯಾಖ್ಯಾನಕಾರನ ಲೈವ್ ಪ್ರಸಾರದಲ್ಲಿ ಕೆಲವೇ ದಿನ ಮುಂಚೆ ಇದ್ದವು. ಅವನ ಮಾತಿಗೆ ಯಂತ್ರದಿಂದ ಬಶೀರರ ಗಂಟಲು ತೊಡಿಸಿದ್ದರು. ಹಾಗಾಗಿ ದನಿ ಯಾರದು ಎಂಬುದರಲ್ಲಿ ಸಿಕ್ಕಿಕೊಳ್ಳಬೇಡಿ. ಮಾತಿನಲ್ಲಿ ಬರುವ ಊರು, ತಾರೀಖು, ಸಂಖ್ಯೆ ಇಷ್ಟನ್ನು ಚೀಟಿಯಲ್ಲಿ ಬರೆದು ಅವನ್ನು ಹುಡುಕಿ. ಐದು ನಿಮಿಷದ ಆಡಿಯೊದಲ್ಲಿ ಒಂದೂ ಊರು, ಒಂದೂ ತಾರೀಖು ಇಲ್ಲದಿದ್ದರೆ, ‘ನಮ್ಮವರೇ ಒಬ್ಬರು ಡಾಕ್ಟರು’ ಎಂಬಷ್ಟೇ ಇದ್ದರೆ, ಅಲ್ಲಿಗೆ ಬಿಟ್ಟುಬಿಡಿ.

ಪ್ರಶ್ನೆ: ಫೇಸ್‌ಬುಕ್ಕಿನಲ್ಲಿ ಕುವೈತ್ ಕೆಲಸದ ಜಾಹೀರಾತು. ಅಂಧೇರಿಯಲ್ಲಿ ಆಫೀಸು. ನಂಬಬಹುದೇ?
— ಓದುಗರು, ಸಾಕಿನಾಕಾ

ಉತ್ತರ: ಭಾರತ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ಏಜೆಂಟರ ನೋಂದಣಿ ಸಂಖ್ಯೆ ಹಾಕಿ ನೋಡಿ. ಹೆಸರು, ವಿಳಾಸ, ಅವಧಿ ಮೂರೂ ಜಾಹೀರಾತಿಗೆ ಹೊಂದಬೇಕು. ಬೇರೆಯವರ ಸಂಖ್ಯೆ ಕದ್ದು ಅಚ್ಚು ಹಾಕುವುದು ಮಾಮೂಲು ಮೋಸ. ಸೇವಾಶುಲ್ಕದ ಮಿತಿ 30,000 ರೂ. ಮತ್ತು ಅದರ ಮೇಲೆ ಜಿಎಸ್‌ಟಿ. ರಸೀದಿ ಇಲ್ಲದೆ ಒಂದು ಪೈಸೆಯೂ ಬೇಡ. ‘ಈಗ ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸುತ್ತೇವೆ’ ಅಂದರೆ ಎದ್ದು ಬನ್ನಿ. ಅನುಮಾನವಿದ್ದರೆ ಮುಂಬಯಿಯ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿಯಲ್ಲಿ ವಿಚಾರಿಸಬಹುದು.

ಪ್ರಶ್ನೆ: ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಯಲ್ಲಿ 24 ಮಕ್ಕಳಿದ್ದಾರೆ, 11ರಿಂದ 14 ವರ್ಷದವರು. ಪ್ರೊಜೆಕ್ಟರ್ ಇಲ್ಲ. ಅರಬ್ ಶಿಬಿರಗಳ ರೀತಿಯಲ್ಲಿ ಒಂದು ಪಾಠ ಮಾಡಬಹುದೇ?
— ಸ್ವಯಂಸೇವಕಿ, ಭಾಂಡುಪ್

ಉತ್ತರ: ಬೈರೂತಿನ ಶಿಬಿರದಿಂದ ಮುಖ್ಯವಾಗಿ ಎರವಲು ಪಡೆಯಬೇಕಾದದ್ದು ಒಂದೇ: ಉದಾಹರಣೆ ಸ್ವಂತ ಬೀದಿಯದಿರಲಿ. 50 ನಿಮಿಷಕ್ಕೆ ಹೀಗೆ ಮಾಡಿ. ನಾಲ್ಕು ಮಕ್ಕಳಂತೆ ಆರು ಗುಂಪು. ಗುಂಪಿಗೊಂದು ದೊಡ್ಡ ಫೋಟೊ, ಸುಮಾರು 20 ಸೆಂ.ಮೀ. x 30 ಸೆಂ.ಮೀ., ಜನ ತುಂಬಿದ್ದು: ಗಣಪತಿ ವಿಸರ್ಜನೆ, ದಾದರ್ ಸ್ಟೇಷನ್ನು, ಮೀನು ಮಾರುಕಟ್ಟೆ, ರಮ್ಜಾನಿನ ಮೊಹಮ್ಮದ್ ಅಲಿ ರಸ್ತೆ. ಜೊತೆಗೆ ರಟ್ಟಿನಲ್ಲಿ 5 x 7 ಸೆಂ.ಮೀ. ಕಿಟಕಿ ಕತ್ತರಿಸಿ ಕೊಡಿ. ಕಿಟಕಿಯನ್ನು ಫೋಟೊದ ಮೇಲೆ ಮೂರು ಕಡೆ ಇಟ್ಟು, ಪ್ರತಿ ಸಲ ಕಂಡಷ್ಟಕ್ಕೆ ಮಾತ್ರ ಒಂದು ತಲೆಬರಹ ಬರೆಯಲಿ. ಇದಕ್ಕೆ 15 ನಿಮಿಷ. ಆಮೇಲೆ ತಲೆಬರಹ ಮಾತ್ರ ಪಕ್ಕದ ಗುಂಪಿಗೆ ಕೊಡಿ. ಅವರು ಇಡೀ ಫೋಟೊದಲ್ಲಿ ಏನಿದ್ದೀತು ಎಂದು ಊಹಿಸಿ ಬರೆಯಲಿ, 10 ನಿಮಿಷ. ಫೋಟೊ ತೋರಿಸಿದಾಗ ಆಗುವ ಗದ್ದಲಕ್ಕೆ 5 ನಿಮಿಷ ಬಿಡಿ, ಅದೇ ಪಾಠ.

ಉಳಿದ 20 ನಿಮಿಷಕ್ಕೆ ಎಂಟು ಚಿಕ್ಕ ಸುದ್ದಿಗಳನ್ನು ಅಚ್ಚು ಮಾಡಿ ತನ್ನಿ. ಪ್ರತಿಯೊಂದಕ್ಕೂ ಮಕ್ಕಳು ಮೂರು ಉತ್ತರ ಬರೆಯಬೇಕು: ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತು, ನಾನು ನಂಬಿದರೆ ಯಾರಿಗೆ ಲಾಭ. ಎಂಟರಲ್ಲಿ ನಾಲ್ಕಾದರೂ ನಿಜವಾದ ಸುದ್ದಿ ಇರಲೇಬೇಕು. ಈ ಪಾಠ ಕೆಡುವುದು ಇಲ್ಲೇ. ಬರೀ ಸುಳ್ಳುಗಳನ್ನೇ ತೋರಿಸಿದರೆ ಮಕ್ಕಳು ಒಂದು ಗಂಟೆಯಲ್ಲಿ ‘ಎಲ್ಲವೂ ಸುಳ್ಳು’ ಎಂದು ಕಲಿತು ಮನೆಗೆ ಹೋಗುತ್ತಾರೆ. 1967ರ ರೇಡಿಯೊ ಕೇಳಿದ ತಲೆಮಾರಿಗೆ ಆದದ್ದೂ ಅದೇ. ಅಂಥವರು ಸುದ್ದಿ ಬಿಟ್ಟು ಗಾಳಿಮಾತಿಗೆ ಹೆಚ್ಚು ಕಿವಿಗೊಡುತ್ತಾರೆ. ನಿಜವಾದ ನಾಲ್ಕರಲ್ಲಿ ಒಂದು ನಂಬಲು ಕಷ್ಟವಾಗುವಂತಿರಲಿ: ಸಾಂತಾಕ್ರೂಜ್‌ನ 944 ಮಿ.ಮೀ. ಮಳೆ ಚೆನ್ನಾಗಿ ಒದಗುತ್ತದೆ. ಬಹಳ ಮಕ್ಕಳು ಅದಕ್ಕೆ ‘ಸುಳ್ಳು’ ಎಂದು ಗುರುತು ಹಾಕುತ್ತಾರೆ. ಯಾವುದೇ ಜಾತಿ, ಧರ್ಮದ ಮೇಲಿನ ಸುಳ್ಳನ್ನು ಉದಾಹರಣೆಯಾಗಿ ತರಬೇಡಿ. ‘ಇದು ಸುಳ್ಳು’ ಎಂದು ಹೇಳಿದ್ದು ಮರೆತು ಸುದ್ದಿ ಮಾತ್ರ ನೆನಪಿಟ್ಟುಕೊಂಡ ಒಂದು ಮಗು ಸಾಕು. ಅಚ್ಚಿನ ಖರ್ಚು ಉಳಿಸಲು ಹಳೆಯ ಕ್ಯಾಲೆಂಡರಿನ ಚಿತ್ರಗಳು ನಡೆಯುತ್ತವೆ. ರಟ್ಟಿಗೆ ಮಿಠಾಯಿ ಡಬ್ಬಿಯ ಮುಚ್ಚಳ ಸಾಕು, ಆದರೆ ಕಿಟಕಿಯನ್ನು ನೀವೇ ಕತ್ತರಿಸಿ ತನ್ನಿ, ಬ್ಲೇಡನ್ನು ತರಗತಿಗೆ ತರಬೇಡಿ.